ಕಪಿಲೆ ಪಾಠದ ಅಂಚಿನಲ್ಲಿ

ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ ಎಂದು ನಾನು ಹೇಳಿದ ದಿನ, ಒಂಬತ್ತನೆಯ ತರಗತಿಯ ಹುಡುಗಿಯರು ನನ್ನನ್ನು ದೇವರಮನೆಗೆ ಚಪ್ಪಲಿ ಹಾಕಿಕೊಂಡು ಬಂದವಳ ಹಾಗೆ ನೋಡಿದರು. ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ನಾನು ಬಸವನಗುಡಿಯಿಂದ ಅಲ್ಲಿನ ಶಾಲೆಗೆ ನಡೆದೇ ಹೋಗುತ್ತಿದ್ದ ಹೊಸ ಕನ್ನಡ ಟೀಚರ್. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ಅವರು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹೆಚ್ಚಿನವರ ಪುಸ್ತಕ ಅವರದಾಗಿರಲೇ ಇಲ್ಲ. ಪರೀಕ್ಷೆ ಮುಗಿದೊಡನೆ ಅದು ಇನ್ನೊಂದು ಮನೆಗೆ ಹೋಗಬೇಕು. ಯಾರ ಮನೆಗೆ ಎಂದು ದೊಡ್ಡವರು ಮೊದಲೇ ಮಾತು ಕೊಟ್ಟಿರುತ್ತಿದ್ದರು.

ಆದರೂ ನನಗೆ ಹಟ. ಈ ಹುಡುಗಿಯರು ಪಾಠವನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು, ಅರ್ಥವೇನು ಎಂದರೆ ಸೂರು ನೋಡುತ್ತಿದ್ದರು. ಹೆಡ್‌ಮಿಸ್ಟ್ರೆಸ್‌ ಬಳಿ ಅಪ್ಪಣೆ ಕೇಳಿದೆ. ಆಕೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಪುಣೆ. "ಮಾಡಿ. ಆದ್ರೆ ವರ್ಷದ ಕೊನೇಲಿ ಎಲ್ಲಾ ರಬ್ಬರ್ ಹಾಕಿ ಅಳಿಸಿರ್ಬೇಕು. ಏನಾದ್ರೂ ಆದ್ರೆ ನನಗೆ ಗೊತ್ತಿಲ್ಲ," ಎಂದರು.

ಮೊದಲ ದಿನ ಅರ್ಧ ತರಗತಿ ಒಂದು ಸಾಲೂ ಬಿಡದೆ ಎಲ್ಲದಕ್ಕೂ ಅಡಿಗೆರೆ ಎಳೆದು ತಂದಿತು. ಯಾಕೆ ಎಂದರೆ, "ಯಾವ್ದನ್ನ ಬಿಡೋದು ಮಿಸ್? ಎಲ್ಲಾ ಸರಸ್ವತೀನೇ ಅಲ್ವಾ?" ಎಂದಳು ಒಬ್ಬಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದಿಷ್ಟು ಕೂಗಾಡಿದೆ. ಆಮೇಲೆ ಕೂತು, ಅರ್ಥವಾಗದಿದ್ದರೆ ಪಕ್ಕದಲ್ಲಿ ಪ್ರಶ್ನೆ ಬರೆಯಿರಿ, ನೀವು ಕಣ್ಣಾರೆ ಕಂಡದ್ದು ನೆನಪಾದರೆ ಅದನ್ನು ಬರೆಯಿರಿ, ಒಪ್ಪಿಗೆಯಾಗದಿದ್ದರೆ ಒಪ್ಪಿಲ್ಲ ಎಂದೂ ಬರೆಯಿರಿ ಎಂದೆ. ಕೊನೆಯ ಬೆಂಚಿನಿಂದ, ಪಕ್ಕದ ಸಾರಕ್ಕಿ ಹಳ್ಳಿಯ ಹುಡುಗಿಯೊಬ್ಬಳು ಮೊದಲ ಸಲ ಬಾಯಿ ತೆರೆದಳು. "ಬುಕ್ಕನ್ನ ಒಪ್ದೇ ಇರ್ಬೋದಾ ಮಿಸ್?"

"ಇರ್ಬೋದು," ಎಂದೆ, ಬಲು ಧೈರ್ಯವಾಗಿ.

ಎರಡು ವಾರದ ಮೇಲೆ ಅದೇ ಹುಡುಗಿ ಬೆಳಿಗ್ಗೆ ಅಳುತ್ತಾ ಬಂದು ನನ್ನೆದುರು ನಿಂತಳು. ಅವಳ ನಾಲಿಗೆ ನೇರಳೆಹಣ್ಣು ತಿಂದ ಹಾಗಿತ್ತು. ಮನೆಯಲ್ಲಿ ಬೇರೆ ಪೆನ್ಸಿಲ್ ಇರಲಿಲ್ಲವಂತೆ. ಅವಳ ಅಪ್ಪ ಮಾರ್ಕೆಟ್ಟಿಗೆ ಹೋಗುವ ಸೊಪ್ಪಿನ ಬುಟ್ಟಿಗಳಿಗೆ ಗುರುತಿನ ಚೀಟಿ ಬರೆಯುವ, ಒದ್ದೆಯಾದರೆ ಶಾಯಿಯಾಗುವ ಕಾಪಿಂಗ್ ಪೆನ್ಸಿಲ್ಲನ್ನೇ ನಾಲಿಗೆಗೆ ಒತ್ತಿಕೊಂಡು ಬರೆದಿದ್ದಾಳೆ. ಅದು ರಬ್ಬರಿಗೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ್ದಾಳೆ, ಪುಟವೆಲ್ಲ ಊದಾ ಬಣ್ಣವಾಗಿದೆ. ಪುಸ್ತಕವನ್ನು ಮುಂದಿನ ವರ್ಷಕ್ಕೆ ಪಕ್ಕದ ಮನೆಗೆ ಕೊಡುವುದಾಗಿ ಅಪ್ಪ ಮಾತು ಕೊಟ್ಟಿದ್ದಾರೆ.

"ಅಪ್ಪ ಇವತ್ತು ಬರ್ತಾರೆ ಮಿಸ್. ಟೀಸಿ ಇಸ್ಕೊಂಡು ಮನೇಲಿ ಕೂರಿಸ್ತಾರಂತೆ."

ನನ್ನ ಹಟಕ್ಕೆ ಒಬ್ಬಳ ಓದು ನಿಲ್ಲುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಂದು ಎರಡು ಪೀರಿಯಡ್ ಏನು ಪಾಠ ಮಾಡಿದೆನೋ ನನಗೇ ತಿಳಿಯದು.

ಮಧ್ಯಾಹ್ನ ಅವಳ ಅಪ್ಪ ಹೆಡ್‌ಮಿಸ್ಟ್ರೆಸ್ ಕೋಣೆಗೆ ಬಂದರು. ತಲೆಗೆ ಟವೆಲ್, ಕೈಯಲ್ಲಿ ಪುಸ್ತಕ, ಮುಖದಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚು. "ಬುಕ್ ಹಾಳು ಮಾಡಿ ಅಂತ ನೀವೇ ಹೇಳ್ಕೊಟ್ರಂತೆ. ಇಂಥಾ ಓದು ನಮಗೆ ಬೇಡಮ್ಮ," ಎಂದರು. ಹೆಡ್‌ಮಿಸ್ಟ್ರೆಸ್ ಆಗಲೇ ರಿಜಿಸ್ಟರ್ ತೆಗೆಯುತ್ತಿದ್ದರು. ತಪ್ಪು ನನ್ನದು ಎಂದೆ. ನನ್ನ ಪ್ರತಿಯಲ್ಲಿ ಬರೆದದ್ದನ್ನು ಅಳಿಸಿ ಅದನ್ನೇ ಪಕ್ಕದ ಮನೆಗೆ ಕೊಡುತ್ತೇನೆ ಎಂದೆ. ಅವರು ಜಗ್ಗಲಿಲ್ಲ. ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ತೆರೆದೆ. ಎತ್ತು ಕಟ್ಟಿ, ಬಾನಿ ಎಂಬ ದೊಡ್ಡ ಪಾತ್ರೆಯಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆಯ ಪಾಠ. ಎತ್ತುಗಳು ಇಳಿಜಾರನ್ನು ಕಷ್ಟಪಟ್ಟು ಹತ್ತುತ್ತಾ ನೀರನ್ನು ಮೇಲಕ್ಕೆ ಸೆಳೆಯುತ್ತವೆ ಎಂದು ಅಚ್ಚಾಗಿತ್ತು. ಅದರ ಪಕ್ಕದಲ್ಲಿ, ಊದಾ ಕಲೆಯ ನಡುವೆ, ಗುಂಡಗಿನ ಅಕ್ಷರ: 'ಒಪ್ಪಿಲ್ಲ. ಇಳಿಯುವಾಗ ನೀರು ಬರುತ್ತದೆ. ಹತ್ತುವಾಗ ಬಾನಿ ಕೆಳಗೆ ಹೋಗುತ್ತದೆ. ಇವರು ನೋಡಿಲ್ಲ.'

ಮೂರು ಸೆಕ್ಷನ್ನಿಗೆ ಮೂರು ಸಲ ಆ ಪಾಠ ಮಾಡಿದ್ದೆ ನಾನು. ಒಂದು ಸಲವೂ ಅನುಮಾನ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ನೀರು ಬರುತ್ತಿದ್ದುದು ನಲ್ಲಿಯಿಂದ.

"ಇದು ನಿಜಾನಾ?" ಎಂದು ಅವರನ್ನೇ ಕೇಳಿದೆ. ಅವರನ್ನು ಒಲಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಅವರು ಕಲೆಯನ್ನಷ್ಟೇ ನೋಡಿದ್ದರು, ಅಕ್ಷರವನ್ನು ನೋಡಿರಲಿಲ್ಲ. ಬೆರಳಿಟ್ಟು ಅಚ್ಚಿನ ಸಾಲನ್ನು ನಿಧಾನವಾಗಿ ಓದಿದರು, ಮತ್ತೆ ಓದಿದರು.

"ಹತ್ತುವಾಗ ಎಲ್ಲಾದ್ರೂ ನೀರು ಬರುತ್ತಾ? ಎತ್ತಿನ ಕತ್ತು ಮುರಿದುಹೋಗುತ್ತೆ. ಯಾರಮ್ಮ ಬರೆದೋನು ಇದನ್ನ?"

ಟವೆಲ್ ತೆಗೆದು ಹಗ್ಗ ಮಾಡಿಕೊಂಡು, ಹೆಡ್‌ಮಿಸ್ಟ್ರೆಸ್‌ ಮೇಜಿನ ಮೇಲೆ ಡಸ್ಟರನ್ನೇ ಬಾನಿ ಮಾಡಿ ಎಳೆದು ತೋರಿಸಿದರು. ಸೀಮೆಸುಣ್ಣದ ಪುಡಿ ರಿಜಿಸ್ಟರ್ ಮೇಲೆಲ್ಲ ಉದುರಿತು. ಆಮೇಲೆ ಅವರು, "ಇನ್ನೇನು ಬರ್ದವ್ಳೆ, ಓದಿ," ಎಂದರು. ಇದ್ದಬದ್ದ ಅಂಚುಗಳನ್ನೆಲ್ಲ ಓದಿದೆ. ಒಂದೆರಡಕ್ಕೆ ನಕ್ಕರು. ಅವರೆ ಬಿತ್ತುವ ಕಾಲವನ್ನು ಮಗಳೂ ತಪ್ಪಾಗಿ ಬರೆದಿದ್ದಾಳೆ ಎಂದು ತಿದ್ದಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಇವಳಿಗಿಂತ ಇವಳಕ್ಕನಿಗೆ ಬೇಸಾಯ ಜಾಸ್ತಿ ಗೊತ್ತು. ಅವಳನ್ನ ಏಳನೇ ಕ್ಲಾಸಿಗೇ ಬಿಡಿಸ್ದೆ, ಮದುವೆ ಮಾಡ್ದೆ. ನಿಮಗೆ ಗೊತ್ತಿರೋದನ್ನ ಬರೀರಿ ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ. ಇವಳು ಬರ್ಲಿ ಬಿಡಿ, ಓದ್ಲಿ."

ಹೋದ ಜೀವ ಬಂದಂತಾಯಿತು. ಹೆಡ್‌ಮಿಸ್ಟ್ರೆಸ್ ರಿಜಿಸ್ಟರ್ ಕೊಡವಿ ಮುಚ್ಚಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು, ನನ್ನ ಪ್ರತಿಯ ಕಪಿಲೆ ಪಾಠದ ಅಂಚಿನಲ್ಲೂ ಪೆನ್ಸಿಲ್ಲಿನಿಂದ 'ಒಪ್ಪಿಲ್ಲ' ಎಂದು ಬರೆದೆ.