ಉಗ್ರಾಣ ಸೇರಿದ ಎತ್ತರದ ಕುರ್ಚಿ

ಸತ್ಯದಲ್ಲಿ ನಿಷ್ಠುರೆ, ಸತ್ಕಾರದಲ್ಲಿ ಉದಾರೆ, ಧೂಳಿಗೆ ನಿತ್ಯವೈರಿಣಿ, ಒರಟು ಮಾತಿಗೂ ನಗುವನ್ನೇ ಮರುನುಡಿಯಾಗಿ ಕೊಡಬಲ್ಲವಳು, ದೇಶದ ಹೆಸರೆತ್ತಿದರೆ ಮಾತ್ರ ಎದೆಯುಬ್ಬಿಸಿ ನಿಲ್ಲುವವಳು: ಈ ಗುಣಗಳೆಲ್ಲ ಒಂದೆಡೆ ನೆರೆದ ಆ ತಾಯಿಯನ್ನು ವಿದೇಶಾಂಗ ಕಚೇರಿಯ ಸಭಾಭವನದಲ್ಲಿ ಎಲ್ಲರೂ ಕೀಲಿಯಮ್ಮನೆಂದೇ ಕರೆಯುತ್ತಿದ್ದರು. ಕೋಣೆಗಳ ಕೀಲಿಗೊಂಚಲು ಆಕೆಯ ಸೊಂಟದಲ್ಲಿತ್ತು. ಆಸನಗಳ ಏರ್ಪಾಡು ಆಕೆಯ ಹೊಣೆಯಾಗಿತ್ತು.

ಆಕೆಯ ಒಬ್ಬಳೇ ಮಗಳು ಗಡಿಹೊಳೆಯಾಚೆಯ ಪುಟ್ಟ ದೇಶಕ್ಕೆ ಸೊಸೆಯಾಗಿ ಹೋಗಿದ್ದಳು. ಈಗ ತುಂಬು ಗರ್ಭಿಣಿ. ಹೊಳೆಯ ಉಗಮವಿದ್ದುದು ಮೂರನೆಯದೊಂದು ದೊಡ್ಡ ದೇಶದಲ್ಲಿ. ಅದು ಬಿಟ್ಟ ನೀರನ್ನು ಹಂಚಿಕೊಳ್ಳುವಲ್ಲಿ ಈ ಎರಡು ನಾಡುಗಳೂ ಜಗಳವಾಡಿ ದೋಣಿಗಳನ್ನು ನಿಲ್ಲಿಸಿದ್ದವು. ಈ ಸಭಾಭವನದಲ್ಲೇ ನಡೆಯಲಿದ್ದ ಸಂಧಾನ ಫಲಿಸದಿದ್ದರೆ ಮಗಳ ಹೆರಿಗೆಗೆ ತಾಯಿಯಿಲ್ಲ.

ಹೊಳೆಯ ನಾಡುಗಳಲ್ಲಿ ತಾವೇ ಹಿರಿಯಣ್ಣನೆಂಬುದು ಕೀಲಿಯಮ್ಮನ ದೇಶದವರ ಹಳೆಯ ಹೆಮ್ಮೆ. ಅದಕ್ಕೆಂದೇ ಮೇಜಿನ ತುದಿಯಲ್ಲಿ ಎತ್ತರದ ಬೆನ್ನಿನ, ಲಾಂಛನ ಕೆತ್ತಿದ ಕುರ್ಚಿಯನ್ನಿಡುವ ರೂಢಿ. ಈ ಸಲ ಅದು ಬೇಡ, ಎಲ್ಲರಿಗೂ ಒಂದೇ ಬಗೆಯ ಆಸನವಿರಲಿ ಎಂದು ಸಂಧಾನದ ಹೊಣೆ ಹೊತ್ತ ಅಧಿಕಾರಿಣಿ ಹೇಳಿದ್ದಳು. ಕೀಲಿಯಮ್ಮನ ಮನಸ್ಸು ಒಪ್ಪಲಿಲ್ಲ. "ನಮ್ಮ ಮನೇಲಿ ನಾವೇ ಮೂಲೆ ಸೇರೋದಾ?" ಎಂದು ಗೊಣಗುತ್ತ ಅದನ್ನೇ ಒರೆಸಿ ಇಟ್ಟಳು.

ನೆರೆನಾಡಿನ ಹಿರಿಯ ಪ್ರತಿನಿಧಿ ಅದನ್ನು ಕಂಡು ಬಾಗಿಲಲ್ಲೇ ನಿಂತನು. "ಅಣ್ಣನ ಮುಂದೆ ಕೈಕಟ್ಟಿ ನಿಲ್ಲೋಕೆ ಬಂದಿಲ್ಲ ನಾವು, ಪಕ್ಕದ ಮನೆಗೆ ಬಂದಿದೀವಿ," ಎಂದವನೇ ಪಡಸಾಲೆಗೆ ಮರಳಿದನು.

ಅಧಿಕಾರಿಣಿ ಓಡಿ ಬಂದಳು. "ಏನಮ್ಮ ಇದು! ಅಪ್ಪಣೆ ಮಾಡೋಷ್ಟು ದೊಡ್ಡೋರಲ್ಲ ನಾವು, ಬಾಯಿ ಮುಚ್ಕೊಂಡಿರೋಷ್ಟು ಚಿಕ್ಕೋರೂ ಅಲ್ಲ. ಇವರು ಜೊತೆಗೆ ನಿಂತರೆ ತಾನೇ ಆ ದೊಡ್ಡ ದೇಶದೋರು ನಮ್ಮ ಮಾತು ಕೇಳೋದು?"

ಕೀಲಿಯಮ್ಮನ ಮೋರೆ ಬಿಳಿಚಿತು. "ನನ್ನ ಮಗಳ ದಾರಿಗೆ ನಾನೇ ಅಡ್ಡ ಇಟ್ಟೆನಲ್ಲ ತಾಯಿ!"

ಹಿಂಬಾಗಿಲಿತ್ತು, ಆದರೂ ಆಕೆ ಕುರ್ಚಿಯನ್ನು ತಬ್ಬಿ ಎತ್ತಿಕೊಂಡು, ಏದುಸಿರು ಬಿಡುತ್ತ, ಪಡಸಾಲೆಯ ನಡುವೆಯೇ ನಡೆದಳು.

"ಸ್ವಾಮಿ, ಬೇಡ ಅಂದ್ರೂ ಇಟ್ಟೋಳು ನಾನು. ಬೈಯೋದಿದ್ರೆ ನನ್ನ ಬೈಯಿರಿ. ಒಳಗೆ ಮಾತ್ರ ಬನ್ನಿ."

"ಎಲ್ಲಿಗೆ ಒಯ್ತಿದೀರಿ ಅದನ್ನ?"

"ಉಗ್ರಾಣಕ್ಕೆ. ಅಲ್ಲಿ ಪೊರಕೆಗಳ ಮೇಲೆ ಯಜಮಾನಿಕೆ ಮಾಡ್ಲಿ!"

ಪ್ರತಿನಿಧಿ ತಡೆಯಲಾರದೆ ನಕ್ಕನು. "ಒಬ್ಬರೇ ಹೊತ್ರೆ ಸೊಂಟ ಹಿಡ್ಕೊಳ್ಳುತ್ತೆ ಅಕ್ಕ, ಇರಿ," ಎಂದು ಕುರ್ಚಿಯ ಇನ್ನೊಂದು ಬದಿಗೆ ಕೈಕೊಟ್ಟನು. ಉಗ್ರಾಣದ ಧೂಳನ್ನು ಕೊಡವಿಕೊಂಡು ಬಂದು, ಉಳಿದವರಂತೆಯೇ ಸಾದಾ ಕುರ್ಚಿಯಲ್ಲಿ ಕುಳಿತನು. ವಾದಗಳೇನೂ ಕಡಿಮೆಯಾಗಲಿಲ್ಲ. ಆದರೂ ಹೊತ್ತಿಳಿಯುವ ಮುನ್ನ ನೀರಿನ ಪಾಲು ನಿಶ್ಚಯವಾಯಿತು. ದೋಣಿಗಳ ಹಗ್ಗ ಬಿಚ್ಚಿತು.

ಈಚೆ ದಡದ ಮೆಟ್ಟಿಲಲ್ಲಿ ಮಗಳು ತಾಯಿಯ ಹೆಗಲು ಹಿಡಿದು ದೋಣಿಯಿಂದ ಇಳಿದಳು. "ಅಂತೂ ನಿನ್ನ ದೇಶದೋರಿಗೆ ಬುದ್ಧಿ ಬಂತಲ್ಲಮ್ಮ!"

"ಅವರಿಗೆ ಮೊದಲೇ ಇತ್ತು ಕಣೇ. ನನಗೇ ಸ್ವಲ್ಪ ತಡವಾಯ್ತು," ಎಂದ ಕೀಲಿಯಮ್ಮನ ಕಣ್ಣುಗಳು ತುಂಬಿದವು, ಎಷ್ಟೋ ದಿನದಿಂದ ಕಟ್ಟಿಹೋಗಿದ್ದ ಉಸಿರು ಹಗುರಾಗಿ ಹೊರಬಂತು.

ಕರುಣಾಳುವಾದ ಪರಮಾತ್ಮನು ಆ ಮಗಳಿಗೆ ಸುಖಪ್ರಸವವನ್ನೂ, ಹುಟ್ಟುವ ಕೂಸಿಗೆ ಎರಡೂ ದಡಗಳಲ್ಲಿ ಅಜ್ಜಿಯರ ಮಡಿಲನ್ನೂ, ಕೀಲಿಯಮ್ಮನ ಸೊಂಟಕ್ಕೆ ಬಲವನ್ನೂ ಅನುಗ್ರಹಿಸಲಿ. ಆಕೆ ಕೀಲಿ ಕಾಯುವ ಆ ಮನೆಗೆ ಬಂದವರಾರೂ ಹೊಸಿಲಿನಿಂದಲೇ ಹಿಂದಿರುಗದಿರಲಿ.