ತಲೆ ಕೊಡು, ನೆವ್

ಥಾರ್ನ್‌ಸೈಕ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಚಹಾದಂಗಡಿ ನನ್ನದು. ಮದುವೆಯಾದ ವರ್ಷದಿಂದ ಅಲ್ಲೇ ನಿಂತಿದ್ದೇನೆ. ಗಂಡ ತೀರಿಕೊಂಡ, ಕ್ಲಬ್ಬಿನ ಯಜಮಾನರು ಎಷ್ಟೋ ಸಲ ಬದಲಾದರು, ನಾನೂ ನನ್ನ ಕೆಟಲೂ ಮಾತ್ರ ಜಾಗ ಬಿಟ್ಟು ಅಲ್ಲಾಡಿಲ್ಲ. ಹಾಗಾಗಿ ನೆವಿಲ್ ಹಾಲ್‌ರಾಯ್ಡ್ ವಿಷಯ ನಮಗೆಲ್ಲ ಗೊತ್ತು ಅಂತ ನಿನ್ನೆ ಮೊನ್ನೆ ಬಂದವರು ಬಾಯಿ ಬಿಟ್ಟರೆ ನನಗೆ ಮೈ ಉರಿಯುತ್ತದೆ. ಅವನ ಆಟ ಕಣ್ಣಾರೆ ಕಂಡವರು ಈ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ? ಉಳಿದವರಲ್ಲಿ ಅರ್ಧ ಜನಕ್ಕೆ ಈಗ ಕಣ್ಣೇ ಸರಿಯಾಗಿ ಕಾಣಿಸದು.

ನೆವಿಲ್ ಅಂದರೆ ನಮ್ಮ ನೆವ್, ಗೋಲು ಹೊಡೆಯುವ ಸ್ಟ್ರೈಕರ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕೆಲಸಕ್ಕಿದ್ದವನನ್ನು ಕ್ಲಬ್ಬಿನವರು ಎತ್ತಿಕೊಂಡು ಬಂದರು. ಮೊದಲ ವರ್ಷ ಅವನ ಬೆರಳ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಕಾಲಿನಲ್ಲಿ ಅವನಿಗೆ ಅಂಥ ಕಸುಬೇನೂ ಇರಲಿಲ್ಲ. ಚೆಂಡು ಕಾಲಿಗೆ ಬಂದರೆ ಹಸುಗೂಸನ್ನು ಯಾರೋ ಕೈಗೆ ಕೊಟ್ಟ ಹಾಗೆ ಗಾಬರಿಯಾಗುತ್ತಿದ್ದ. ಆದರೆ ಗಾಳಿಯಲ್ಲಿ ಬಂತೋ, ಮುಗಿಯಿತು. ಎಲ್ಲರಿಗಿಂತ ಒಂದು ಗೇಣು ಮೇಲೆ ಹಾರಿ ಹಣೆಯಿಂದ ಅಪ್ಪಳಿಸುತ್ತಿದ್ದ. ಗೋಲಿನ ಹಿಂದಿನ ಗ್ಯಾಲರಿಯವರು ಅವನಿಗೊಂದು ಹಾಡನ್ನೇ ಕಟ್ಟಿದ್ದರು: "ತಲೆ ಕೊಡು ನೆವ್, ತಲೆ ಕೊಡು, ಒಂದೇ ಏಟಿಗೆ ಬಲೆಗೆ ಬಿಡು!" ಹಾಡು ಶುರುವಾದರೆ ಸಾಕು, ಅವನ ಗದ್ದ ತಾನಾಗಿಯೇ ಮೇಲೇಳುತ್ತಿತ್ತು.

ಆ ಕಾಲದ ಚೆಂಡು ಚರ್ಮದ್ದು. ಯಾರ್ಕ್‌ಶೈರಿನ ಮಳೆಯಲ್ಲಿ ಅರ್ಧ ಆಟ ಮುಗಿಯುವಷ್ಟರಲ್ಲಿ ನೀರು ಕುಡಿದು ಕಲ್ಲಾಗಿರುತ್ತಿತ್ತು. ನಮ್ಮ ತರಬೇತಿಗಾರ ಆಲ್ಬರ್ಟ್ ಸಗ್ಡೆನ್ ಅಂಥದೇ ಒಂದು ಚೆಂಡನ್ನು ಗ್ಯಾಲರಿಯ ಕೆಳಗಿನ ತೊಲೆಗೆ ಹಗ್ಗದಲ್ಲಿ ನೇತುಹಾಕಿದ್ದ. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ನೆವ್ ಹಾರಿ ಹಾರಿ ಅದಕ್ಕೆ ಹಣೆ ಕೊಡಬೇಕು. ಧಪ್, ಧಪ್ ಎಂದು ಆ ಸದ್ದು ನನ್ನ ಅಂಗಡಿಯ ಹಲಗೆಗೂ ಕೇಳಿಸುತ್ತಿತ್ತು. ಚೆಂಡಿನ ಹೊಲಿಗೆ ತಾಗಿ ಹಣೆ ಬಿರಿದರೆ ಆಲ್ಬರ್ಟ್ ವ್ಯಾಸಲೀನು ಮೆತ್ತಿ "ಇನ್ನೊಂದಷ್ಟು" ಅನ್ನುತ್ತಿದ್ದ. ಅವನೇನೂ ಕೆಟ್ಟವನಲ್ಲ. ತನ್ನ ಹಣೆಯನ್ನೂ ಹಾಗೇ ಕೊಟ್ಟವನು.

ಜೋಯ್ಸ್ ಆಗ ಮಗ್ಗದ ಕೆಲಸದವಳು, ನನ್ನ ಗೆಳತಿ. ಶನಿವಾರ ಮಧ್ಯಾಹ್ನ ಚಹಾ ಕುಡಿಯುವ ನೆಪ ಹೂಡಿ ಬಂದು ನನ್ನ ಹಲಗೆಗೆ ಮೊಣಕೈ ಊರಿ ನಿಲ್ಲುತ್ತಿದ್ದಳು. ಒಂದು ದಿನ ನೆವ್ ಹಣೆಗೆ ಪಟ್ಟಿ ಕಟ್ಟಿಕೊಂಡು ಅಲ್ಲಿಗೆ ಬಂದ.

"ಏನ್ರೀ, ಗೋಡೆಗೆ ಗುದ್ಕೊಂಡ್ರಾ?" ಅಂದಳು ಇವಳು.

"ಗೋಡೆ ಆಗಿದ್ರೆ ಇಷ್ಟೊತ್ತಿಗೆ ಬಿದ್ದೋಗಿರೋದು" ಅಂದ ಅವನು.

ಅಷ್ಟೇ, ಮುಂದಿನ ಬೇಸಿಗೆಗೆ ಮದುವೆ. ಜೋಯ್ಸ್‌ಳನ್ನು ಅವನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ. ಮಕ್ಕಳಾಗಲಿಲ್ಲ. ಆ ಕೊರಗನ್ನು ಇಬ್ಬರೂ ಹೊರಗೆ ತೋರಿಸಿದವರಲ್ಲ.

ನಡುವೆ ಒಂದು ವರ್ಷ ದೊಡ್ಡ ನಗರದ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತು. ಊರಿಗೆ ಊರೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟಿತು. ಅಲ್ಲಿ ವರ್ಷಪೂರ್ತಿ ಬೆಂಚಿನ ಮೇಲೆ ಕೂರಿಸಿ, ಕೊನೆಯ ಹತ್ತು ಹದಿನೈದು ನಿಮಿಷಕ್ಕೆ ಒಳಗೆ ಬಿಡುತ್ತಿದ್ದರು. ಮರಳಿ ಬಂದವನನ್ನು "ಹೇಗಿತ್ತೋ?" ಅಂತ ಕೇಳಿದೆ. "ಊಟ ಚೆನ್ನಾಗಿತ್ತು ಮ್ಯಾವಿಸ್. ಆದ್ರೆ ಯಾರೂ ಹಾಡ್ಲಿಲ್ಲ" ಅಂದ. ಮುಂದಿನ ಶನಿವಾರ ನಮ್ಮ ಗ್ಯಾಲರಿ ಗಂಟಲು ಹರಿಯುವ ಹಾಗೆ ಹಾಡಿತು, ಅವನು ಎರಡು ಗೋಲು ಹಾಕಿದ.

ಇನ್ನೊಂದು ಪಂದ್ಯ ನೆನಪಿದೆ. ಎದುರಾಳಿ ಗೋಲ್‌ಕೀಪರನ ಮುಷ್ಟಿ ಇವನ ಕಪಾಳಕ್ಕೆ ಬಿದ್ದು, ಕೆಸರಿನಲ್ಲಿ ಅಂಗಾತ ಬಿದ್ದ. ಆಲ್ಬರ್ಟ್ ಓಡಿಹೋಗಿ ತಣ್ಣೀರಿನ ಸ್ಪಂಜು ಹಿಂಡಿದ, ಮೂಗಿಗೇನೋ ಹಿಡಿದ, ಎಬ್ಬಿಸಿ ನಿಲ್ಲಿಸಿದ. ನೆವ್ ಆಟ ಮುಗಿಸಿದ, ಗೆಲುವಿನ ಗೋಲೂ ಹಾಕಿದ. ಆಮೇಲೆ ನನ್ನ ಅಂಗಡಿಗೆ ಬಂದು, "ಮ್ಯಾವಿಸ್, ಇವತ್ತು ಯಾರ ಮೇಲೆ ಆಡಿದ್ವು?" ಅಂತ ಕೇಳಿದ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮಾತು ವಾರಗಟ್ಟಲೆ ಪಬ್ಬಿನಲ್ಲಿ ಓಡಾಡಿತು. ಅದು ನಗುವ ವಿಷಯವೆಂದೇ ಆಗ ಎಲ್ಲರೂ ತಿಳಿದಿದ್ದೆವು.

ಮಂಡಿ ಕೈಕೊಟ್ಟ ಮೇಲೆ ಅವನು ಅಂಚೆಯವನಾದ. ನಮ್ಮೂರಿನ ದಿಣ್ಣೆಗಳನ್ನು ಕುಂಟಿಕೊಂಡೇ ಹತ್ತಿ ಇಳಿದು ನಿವೃತ್ತನಾದ. ನಿವೃತ್ತನಾಗಿ ಒಂದಷ್ಟು ವರ್ಷವಾಗಿತ್ತು, ಒಂದು ಬೆಳಗ್ಗೆ ನನ್ನ ಬಾಗಿಲಿನಲ್ಲಿ ಅಂಚೆ ಹಾಕುವ ಸೀಳಿನಿಂದ ಸ್ವೆಟರಿನ ನಮೂನೆಯ ಹಾಳೆಯೊಂದು ಒಳಗೆ ಬಿತ್ತು. ಪಕ್ಕದ ಮನೆಯವರಿಗೆ ಟೋಪಿಯದು, ಅದರಾಚೆಯವರಿಗೆ ಕಾಲುಚೀಲದ್ದು. ನೆವ್ ತನ್ನ ಹಳೇ ಬೀದಿಗಳಿಗೆಲ್ಲ ಜೋಯ್ಸ್‌ಳ ಹೆಣಿಗೆ ಹಾಳೆಗಳನ್ನು ಹಂಚಿ ಬಂದಿದ್ದ. ಬೀದಿಯವರು ನಗುನಗುತ್ತಲೇ ತಂದು ವಾಪಸು ಕೊಟ್ಟರು. ಜೋಯ್ಸ್ ಮಾತ್ರ ಅವತ್ತು ನಗಲಿಲ್ಲ.

ಡಾಕ್ಟರು ಅವನ ಮಿದುಳಿನ ಚಿತ್ರ ತೆಗೆಸಿ, ಇದು ಬರೀ ಮುಪ್ಪಿನ ಮರೆವಲ್ಲ, ಚೆಂಡಿಗೆ ತಲೆ ಕೊಟ್ಟು ಕೊಟ್ಟು ಹೀಗಾಗಿರಬಹುದು ಎಂದರು. ಜೋಯ್ಸ್ ನನ್ನ ಅಡುಗೆಮನೆಯಲ್ಲಿ ಕೂತು ಕುದ್ದಳು. "ಇರಬಹುದಂತೆ! ನನ್ ಗಂಡ ಬೆಳಿಗ್ಗೆದ್ದು ನಂಗೆ 'ಅಮ್ಮಾವ್ರೇ' ಅಂತಾನೆ ಕಣೇ. 'ಅಮ್ಮಾವ್ರೇ, ಚಹಾ ಚೆನ್ನಾಗಿದೆ, ನಾನಿನ್ನು ಬರ್ತೀನಿ, ಮನೇಲಿ ಕಾಯ್ತಿರ್ತಾಳೆ' ಅಂತಾನೆ. ಎಲ್ಲಿಗೆ ಹೋಗ್ತಾನೆ? ಯಾರು ಕಾಯ್ತಿರ್ತಾರೆ?" ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಕೆಲವು ದಿನ ಅವನಿಗೆ ಅವನ ಹೆಸರೇ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಂಥ ದಿನ ಜೋಯ್ಸ್ ಪಾತ್ರೆ ತೊಳೆಯುತ್ತ ಆ ಹಾಡನ್ನು ಗುನುಗುತ್ತಿದ್ದಳು. ಒಮ್ಮೊಮ್ಮೆ ಅವನ ಗದ್ದ ಮೇಲೇಳುತ್ತಿತ್ತು. "ನಂದಲ್ವೇನೇ ಅದು!" ಅನ್ನುತ್ತಿದ್ದ. ಅಷ್ಟು ಹೊತ್ತು ಅವನು ಅವನಾಗಿರುತ್ತಿದ್ದ, ಅವಳು ಅವನ ಹೆಂಡತಿಯಾಗಿರುತ್ತಿದ್ದಳು. ಅದರಿಂದಲೇ ಅವಳ ತಲೆಗೆ ಆ ಯೋಚನೆ ಹೊಕ್ಕಿದ್ದು.

"ನಾನೊಬ್ಳು ಗುನುಗಿದ್ರೇ ಅವ್ನು ಬರ್ತಾನೆ ಮ್ಯಾವಿಸ್. ಇಡೀ ಗ್ಯಾಲರಿ ಹಾಡಿದ್ರೆ? ಒಂದು ನಿಮಿಷ ಪೂರ್ತಿ ಬರ್ತಾನೆ. ಪೂರ್ತಿ ನೆವ್ ಆಗಿ ಬರ್ತಾನೆ. ನಂಗೆ ಅಷ್ಟು ಸಾಕು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ನಾನು ಕ್ಲಬ್ಬಿನ ಹೊಸ ಕಾರ್ಯದರ್ಶಿ ಡಂಕನ್‌ನ ಬೆನ್ನು ಬಿದ್ದೆ. ವಸಂತದಲ್ಲಿ, ಆ ವರ್ಷ ನಮ್ಮೂರಿನಲ್ಲಿ ನಡೆಯುವ ಕೊನೆಯ ಪಂದ್ಯದ ದಿನ, ನೆವ್‌ನನ್ನು ಮೈದಾನದ ನಡುವೆ ಕರೆದುಕೊಂಡು ಹೋಗಿ ನಿಲ್ಲಿಸುವುದೆಂದು ಆಯಿತು. ಆದರೆ ಅವನು ಮೈದಾನಕ್ಕೆ ಬಂದು ವರ್ಷಗಳಾಗಿದ್ದವು. ಗದ್ದಲ ಕೇಳಿದರೆ ಬೆದರುತ್ತಿದ್ದ. ಅದಕ್ಕೆ ಫೆಬ್ರವರಿಯಲ್ಲಿ ಒಂದು ಶನಿವಾರ ಯಾರಿಗೂ ಹೇಳದೆ ತಂದು ಕೂರಿಸಿ, ತಡೆದುಕೊಳ್ಳುತ್ತಾನೋ ಇಲ್ಲವೋ ನೋಡುತ್ತೇನೆ ಅಂದಳು ಜೋಯ್ಸ್.

ಆ ವಾರದ ಮೊದಲಲ್ಲೇ ನೆವ್‌ನ ಅಣ್ಣ ಸ್ಟ್ಯಾನ್ಲಿ ಸ್ಕಾರ್‌ಬರೋದಲ್ಲಿ ತೀರಿಕೊಂಡ. ಅವನೂ ಒಂದು ಕಾಲಕ್ಕೆ ನಮ್ಮ ಕ್ಲಬ್ಬಿನಲ್ಲಿ ಬದಲಿ ಗೋಲ್‌ಕೀಪರನಾಗಿ ಒಂದೆರಡು ಪಂದ್ಯ ಆಡಿದ್ದ, ಅವನನ್ನು ನೆನಪಿಟ್ಟವರು ಯಾರೂ ಇಲ್ಲ. ಜೋಯ್ಸ್ ಸುದ್ದಿ ಹೇಳಿದಳು, ನೆವ್ ಅತ್ತ, ಸಂಜೆಗೆ ಮರೆತ. ಮತ್ತೆ ಹೇಳಿ ಮತ್ತೆ ಅಳಿಸುವುದು ಬೇಡವೆಂದು ಅವಳು ಸುಮ್ಮನಾದಳು.

ಇಲ್ಲಿ ನಮ್ಮ ಜನದ ಗುಣ ಹೇಳಬೇಕು. ಸಾವಿನ ಮನೆಗೆ ನಾವು ಫೋನು ಮಾಡುವವರಲ್ಲ. ದುಃಖದಲ್ಲಿರುವವರಿಗೆ ಯಾಕೆ ತೊಂದರೆ, ಅವರ ಪಾಡಿಗೆ ಬಿಡೋಣ ಅನ್ನುತ್ತೇವೆ. ಎದುರಿಗೆ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇವೆ. ಆ ವಾರ ಜೋಯ್ಸ್‌ಳನ್ನು ಕಂಡು ಮೂರ್ನಾಲ್ಕು ಜನ ತಲೆ ತಗ್ಗಿಸಿ ದಾಟಿ ಹೋದರು. ಯಾರೋ ಬಾಗಿಲ ಹೊರಗೆ ಬಟ್ಟೆ ಮುಚ್ಚಿದ ಆಲೂಗಡ್ಡೆ ಪೈ ಇಟ್ಟು, ಗಂಟೆ ಒತ್ತದೆ ಓಡಿಹೋಗಿದ್ದರು. "ನೋಡೇ, ಸ್ಟ್ಯಾನ್ಲಿ ಅಂದ್ರೆ ಊರಿಗೆ ಇಷ್ಟೊಂದು ಪ್ರೀತಿ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದಳು ಜೋಯ್ಸ್. ಇಬ್ಬರೂ ಕೂತು ಆ ಪೈ ತಿಂದೆವು.

ಶನಿವಾರ ನನಗೆ ಕೈ ಬಿಡುವಿರಲಿಲ್ಲ. ಆಟಗಾರರ ತೋಳಿಗೆ ಕಪ್ಪು ಪಟ್ಟಿ ಕಂಡಿತು. ನಮ್ಮ ಕ್ಲಬ್ಬಿನಲ್ಲಿ ವರ್ಷಕ್ಕೆ ನಾಲ್ಕು ಮುದುಕರು ಸಾಯುತ್ತಾರೆ, ಯಾರೋ ಹೋಗಿರಬೇಕು ಅಂದುಕೊಂಡು ಪೈ ಬಿಸಿ ಮಾಡುತ್ತಲೇ ಇದ್ದೆ. ಜೋಯ್ಸ್ ನೆವ್‌ನನ್ನು ನನ್ನ ಅಂಗಡಿಯ ಪಕ್ಕದ ಮೂಲೆಯ ಬೆಂಚಿನಲ್ಲಿ ಕೂರಿಸಿದ್ದಳು, ಟೋಪಿ ಹುಬ್ಬಿನವರೆಗೆ, ಶಾಲು ಮೂಗಿನವರೆಗೆ. ಯಾರಿಗೂ ಗುರುತು ಸಿಕ್ಕಿರಲಿಲ್ಲ.

ಆಟಗಾರರು ನಡುವಿನ ವೃತ್ತದ ಸುತ್ತ ನಿಂತರು. ಮೈಕಿನಲ್ಲಿ ಪ್ರಕಟಣೆ ಹೇಳುವ ಗ್ಲೆನ್‌ನ ದನಿ ಬಂತು. "ಮಹನೀಯರೇ, ಮಹಿಳೆಯರೇ, ಈ ವಾರ ನಮ್ಮನ್ನಗಲಿದ ನಮ್ಮ ಕ್ಲಬ್ಬಿನ ಹೆಮ್ಮೆಯ ಸ್ಟ್ರೈಕರ್ ನೆವ್ ಹಾಲ್‌ರಾಯ್ಡ್ ಅವರಿಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟೋಣ."

ಎಲ್ಲ ಒಟ್ಟಿಗೆ ಹೊಳೆಯಿತು. ನಮ್ಮಲ್ಲಿ ಆಡಿದ ಹಾಲ್‌ರಾಯ್ಡ್ ಸ್ಕಾರ್‌ಬರೋದಲ್ಲಿ ಹೋದನಂತೆ ಎಂದು ಪಬ್ಬಿನಲ್ಲಿ ಯಾರೋ ಹೇಳಿರಬೇಕು. ಹಾಲ್‌ರಾಯ್ಡ್ ಅಂದರೆ ನೆವ್ ಅಲ್ಲದೆ ಇನ್ನಾರು? ಒಂದು ಫೋನು ಮಾಡಿ ಕೇಳಿದವರಿಲ್ಲ. ಆ ಪೈ ಯಾರ ಹೆಸರಿನದೆಂದು ಈಗ ತಿಳಿಯಿತು.

ಈಗೀಗ ಸತ್ತವರಿಗೆ ಮೌನದ ಬದಲು ಚಪ್ಪಾಳೆ; ಇಡೀ ಮೈದಾನ ಎದ್ದು ತಟ್ಟುತ್ತಿತ್ತು. ಥೂ, ದಡ್ಡಮುಂಡೇವಾ, ಎಂದು ಬೈದುಕೊಂಡು ನಾನು ಗ್ಲೆನ್‌ನ ಕೋಣೆಯ ಕಡೆ ಓಡಿದೆ. ಬೆಂಚು ದಾಟುವಾಗ ಜೋಯ್ಸ್ ನನ್ನ ತೋಳು ಹಿಡಿದಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಬದುಕಿರೋ ಮನುಷ್ಯನ್ನ ಸಾಯಿಸ್ತಿದಾರೆ ಕಣೇ! ಆ ಮೈಕು ಕಿತ್ಕೊಂಡು..."

"ನಿಂತ್ಕೊ" ಅಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಕೇಳು."

ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಹಾಡು ಎದ್ದಿತ್ತು. ಅವನ ಆಟವನ್ನೇ ನೋಡದ ಹುಡುಗರು, ಅಜ್ಜಂದಿರ ಬಾಯಿಂದ ಕಲಿತವರು, ಹಾಡುತ್ತಿದ್ದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಬ್ಬಿ ಮೈದಾನವೆಲ್ಲ ಒಂದೇ ಗಂಟಲಾಯಿತು. ತಲೆ ಕೊಡು ನೆವ್, ತಲೆ ಕೊಡು.

"ಹಾಡ್ಲಿ ಬಿಡೇ" ಅಂದಳು ಜೋಯ್ಸ್. "ವಸಂತದವರೆಗೆ ಅವನು ಉಳೀತಾನೋ ಇಲ್ವೋ. ಸತ್ತ ಅಂತ್ಲೇ ಹಾಡ್ಲಿ. ನಂಗೇನಂತೆ? ಅವ್ನು ಕೇಳಿಸ್ಕೊಂಡ್ರೆ ಸಾಕು."

ನೆವ್ ಎದ್ದು ನಿಂತಿದ್ದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಸುತ್ತಲಿನವರ ಹಾಗೇ ಚಪ್ಪಾಳೆ ತಟ್ಟುತ್ತಿದ್ದ. ಗದ್ದಲಕ್ಕೆ ಬೆದರಿರಲಿಲ್ಲ. ತುಟಿ ಹಾಡಿನ ಜೊತೆ ಆಡುತ್ತಿತ್ತು, ಒಂದಕ್ಷರ ತಪ್ಪುತ್ತಿರಲಿಲ್ಲ. ನೋಡುನೋಡುತ್ತ ಅವನ ಗದ್ದ ಮೇಲೆದ್ದಿತು.

"ಬಂದ" ಅಂದಳು ಜೋಯ್ಸ್, ಉಸಿರಿನಲ್ಲೇ. "ಮ್ಯಾವಿಸ್, ಬಂದ ಕಣೇ." ಅವಳ ಉಗುರು ನನ್ನ ತೋಳಿಗೆ ನಾಟಿತು. ನಾನು ದೇವರನ್ನು ನೆನೆದದ್ದು ಬಹಳ ವರ್ಷಗಳ ಮೇಲೆ.

ಅವನು ಅವಳ ಕಡೆ ತಿರುಗಿದ. ಕಣ್ಣು ತುಂಬಿ ಹರಿಯುತ್ತಿತ್ತು.

"ಯಾರು ಹೋಗಿದ್ದು, ಅಮ್ಮಾವ್ರೇ?"

ಜೋಯ್ಸ್ ಅವನ ಎರಡೂ ಕೈ ಹಿಡಿದುಕೊಂಡು, ಮಗುವಿಗೆ ಪಾಠ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದಳು: "ನೆವ್. ನೆವ್ ಹಾಲ್‌ರಾಯ್ಡ್."

"ನೆವ್ ಹಾಲ್‌ರಾಯ್ಡ್" ಎಂದು ಅವನೂ ಹೇಳಿದ. ಇಬ್ಬರೂ ಕಾದೆವು. ಅವನು ತಲೆಯಾಡಿಸಿದ. "ಅಯ್ಯೋ ಪಾಪ. ಒಳ್ಳೇ ಹುಡ್ಗ ಅವ್ನು. ಏನ್ ಹಾರ್ತಿದ್ದ ಗೊತ್ತಾ ನಿಮ್ಗೆ?"

ಚಪ್ಪಾಳೆ ನಿಂತಿತು. ಜನ ಕೂತರು. ಆಟಗಾರರು ತಮ್ಮ ತಮ್ಮ ಜಾಗಕ್ಕೆ ಓಡಿದರು. ನೆವ್ ಮಾತ್ರ ಕೂರಲಿಲ್ಲ. ಏನೋ ನೆನಪಾದವನಂತೆ ಗಾಬರಿಯಿಂದ ಅವಳ ತೋಳು ಮುಟ್ಟಿದ.

"ಅವನಿಗೆ ಹೆಂಡ್ತಿ ಇದ್ಲಲ್ಲ, ಮಗ್ಗದ ಕೆಲಸದೋಳು. ಪ್ರಾಣ ಇಟ್ಕೊಂಡಿದ್ದ ಅವಳ ಮೇಲೆ. ಅವಳಿಗೆ ಯಾರಾದ್ರೂ ಹೇಳಿದಾರಾ, ಅಮ್ಮಾವ್ರೇ?"

ಜೋಯ್ಸ್ ಅವನ ಕಂಕುಳಿನಿಂದ ಟೋಪಿ ತೆಗೆದು ತಲೆಗೆ ಹಾಕಿದಳು. ಚಳಿ ತಾಗದಂತೆ ಕಿವಿಯ ಮೇಲೆ ಎಳೆದಳು.

"ಗೊತ್ತಾಯ್ತು" ಅಂದಳು. "ಈಗ ಗೊತ್ತಾಯ್ತು ಅವಳಿಗೆ."