ಕೊನೆಯ ಗಾಡಿಯ ಕೋಲು

ಗುಡ್ಡ ಜರಿದ ಮೇಲೆ ಹಣಕೋಣದಿಂದ ಕಾರವಾರಕ್ಕೆ ಬರುವ ರಸ್ತೆಯ ಒಂದು ತಿರುವಿನಲ್ಲಿ ಒಂದೇ ಗಾಡಿ ಹೋಗುವಷ್ಟು ಜಾಗ ಉಳಿದಿತ್ತು. ಎರಡು ತುದಿಗೂ ಒಬ್ಬೊಬ್ಬ ಕಾವಲಿನವನು. ಒಬ್ಬನಿಗೆ ಇನ್ನೊಬ್ಬ ಕಾಣುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಗಾಗಿ ಕೆಂಪು ಬಟ್ಟೆ ಕಟ್ಟಿದ ಒಂದೇ ಕೋಲು. ಅದು ಯಾರ ಕೈಯಲ್ಲಿದೆಯೋ ಅವನು ಮಾತ್ರ ಗಾಡಿ ಬಿಡಬೇಕು. ಸಾಲಿನ ಕೊನೆಯ ಗಾಡಿಯ ಚಾಲಕ ಅದನ್ನು ಆಚೆ ತುದಿಗೆ ಮುಟ್ಟಿಸಬೇಕು.

ಆ ಬೆಳಿಗ್ಗೆ ಹಣಕೋಣದ ತುದಿಯಲ್ಲಿ ನಮ್ಮ ಬಸ್ಸೇ ಸಾಲಿನ ಕೊನೆಯದು, ಕೋಲು ಅದಕ್ಕೆ ಬಂತು. ನಾನು ಹಿಂದಿನ ಸೀಟಿನಲ್ಲಿದ್ದೆ, ಹಿಂಬದಿಯ ಗಾಜಿನಲ್ಲಿ ದಾರಿ ಕಾಣುತ್ತಿತ್ತು. ಬಸ್ಸು ಹೊರಟ ಮೇಲೆ ಒಬ್ಬ ಬೈಕಿನವನು ಮೀನು ಮಾರುವ ಹೆಂಗಸನ್ನು ಕೂರಿಸಿಕೊಂಡು ಬಂದ. ಊರಿನವನೇ ಎಂದು ಕಾವಲಿನವನು ಬಿಟ್ಟ. ಬೈಕನ್ನು ಅಲ್ಲಿ ಯಾರೂ ಗಾಡಿ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದಾರಿಯಲ್ಲಿ ಬುಟ್ಟಿ ಜಾರಿತು, ಅವರು ಕಟ್ಟಲು ನಿಂತರು. ನಮ್ಮ ಚಾಲಕ ಕಾರವಾರದ ತುದಿಯಲ್ಲಿ ಕೋಲು ಕೊಟ್ಟ. ಅಲ್ಲಿ ಕಾದಿದ್ದ ಜಲ್ಲಿ ಲಾರಿ ಒಳಗೆ ನುಗ್ಗಿತು. ಬಸ್ಸಿನಿಂದ ಇಳಿದು ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಲಾರಿಯ ಆ ಬ್ರೇಕಿನ ಸದ್ದು ಈಗಲೂ ನಾನು ಪಾಠ ಮಾಡುವಾಗ ನಡುವೆ ಕೇಳಿಸುತ್ತದೆ. ಇಬ್ಬರೂ ಕೆಸರಿಗೆ ಬಿದ್ದು ಬದುಕಿದರು. ಹೆಂಗಸಿನ ಸೀರೆಯ ಅಂಚು ಚಕ್ರದಡಿ ಇತ್ತು.

ಕಾಮಗಾರಿಯ ಸೂಪರ್‌ವೈಸರ್ ಬಂದ. ನಾನು ಟೀಚರು ಎಂದು ಆ ದಾರಿಯವರಿಗೆಲ್ಲ ಗೊತ್ತು. "ಸಾವಿರಕ್ಕೊಂದು ಹೀಂಗೆ ಆಗ್ತದೆ ಅಕ್ಕೋರೇ. ಇವತ್ತು ಆಯ್ತು, ಮುಗೀತು."

ಅಂಕೋಲೆಯಲ್ಲಿರುವ ಅವ್ವ ಆಮೇಲೆ ಇದನ್ನೇ ಹಣೆಬರಹ ಎಂದಳು. ನಾನು ಎರಡನ್ನೂ ಒಪ್ಪುವುದಿಲ್ಲ. ಕಾಲೇಜಿನಲ್ಲಿ ನಾನು ಕಲಿಸುವುದೇ ಏಕಕಾಲಕ್ಕೆ ಹಲವು ಕೆಲಸ ನಡೆಸುವ ಕಂಪ್ಯೂಟರಿನ ಲೆಕ್ಕ. ಅಲ್ಲಿ ಕಂಪ್ಯೂಟರು ತಾನೇ ನಾಣ್ಯ ಚಿಮ್ಮಿದರೆ ಅದಕ್ಕೆ ಸಂಭವನೀಯತೆ ಹೇಳಬಹುದು. ಯಾವ ಕೆಲಸ ಯಾವಾಗ ನುಗ್ಗುತ್ತದೆ ಎಂಬುದಕ್ಕೆ ಹೇಳಲಾಗದು. ಆ ಸರದಿಯನ್ನು ನಮಗೆ ಕೇಡು ಬಗೆಯುವವನೇ ಆರಿಸುತ್ತಾನೆ ಎಂದುಕೊಂಡು, ಆಗಲೂ ತಪ್ಪಾಗದ ಹಾಗೆ ನಿಯಮ ಕಟ್ಟಬೇಕು. ಬೈಕು ಒಳಗೆ ಬಂದದ್ದು ದಾಳ ಬಿದ್ದು ಅಲ್ಲ. ಒಬ್ಬ ಬಿಟ್ಟ, ಅದಕ್ಕೆ ಬಂತು.

ಲಾರಿ ಹಿಂದೆ ಸರಿಯುತ್ತಲೇ ನಾನು ಕಾರವಾರದ ತುದಿಯ ಕಾವಲಿನವನ ಕೈಯಿಂದ ಕೋಲು ಕಿತ್ತುಕೊಂಡೆ. ಹಾರ್ನುಗಳು ಶುರುವಾದವು.

"ಅಕ್ಕೋರು ಕೋಲು ಹಿಡಿದ್ರು. ಇನ್ನು ಎಲ್ಲರ ಹತ್ರ ಮಗ್ಗಿ ಹೇಳಿಸ್ತ್ರು," ಎಂದ ರಿಕ್ಷಾದವನು. ಜನ ನಕ್ಕರು. ನಾನು ಕೋಲನ್ನು ಎರಡೂ ಕೈಯಲ್ಲಿ ಹಿಡಿದೆ. ನಗಲಿ.

"ಬೈಕೂ ಗಾಡಿಯೇ, ಕೋಲು ಹೊರಟ ಮೇಲೆ ಯಾರನ್ನೂ ಬಿಡಬಾರದು ಅಂತ ಆ ತುದಿಯವನಿಗೆ ಹೇಳಿ ಬನ್ನಿ," ಎಂದೆ ಸೂಪರ್‌ವೈಸರಿಗೆ.

"ನಡ್ಕೊಂಡು ಹೋಗ್ಬೇಕಾ?"

"ಹೌದು."

ಮೀನಿನ ಹೆಂಗಸು ಕೆಸರಿನ ಸೀರೆಯಲ್ಲೇ ಬಂದು ನನ್ನ ಪಕ್ಕ ನಿಂತಳು. "ಕೋಲು ಕೊಡ್ಬೇಡಿ ಬಾಯಿ," ಎಂದಳು, ಅಕ್ಕ ಎನ್ನುವ ಹಾಗೆ.

ನಮ್ಮ ಬಸ್ಸು ನನ್ನನ್ನು ಬಿಟ್ಟು ಹೋಯಿತು. ಸೂಪರ್‌ವೈಸರ್ ಗೊಣಗುತ್ತ ಪ್ಯಾಂಟಿನ ಕಾಲು ಮಡಚಿ ಕೆಸರಿಗೆ ಇಳಿದ.